ಗಾಳಿ ಹೆಚ್ಚಿದ್ದರೂ ಕಷ್ಟ, ಕಡಿಮೆಯಿದ್ದರೂ ಕಷ್ಟ: ಬೇರೆ ಗ್ರಹದ ನೆಲ ಮುಟ್ಟಿದ ಯಂತ್ರಗಳು

1970ರ ಡಿಸೆಂಬರ್ 15. ಸೋವಿಯತ್ ಒಕ್ಕೂಟದ ವೆನೆರಾ-7 ಶುಕ್ರ ಗ್ರಹದ ದಟ್ಟ ಮೋಡಗಳನ್ನು ದಾಟಿ ಕೆಳಗಿಳಿಯುತ್ತಿತ್ತು. ನೆಲ ಇನ್ನೂ ದೂರವಿರುವಾಗಲೇ ಪ್ಯಾರಾಚೂಟ್ ಹರಿಯಿತು. ನೌಕೆ ಸೆಕೆಂಡಿಗೆ ಸುಮಾರು ಹದಿನಾರೂವರೆ ಮೀಟರ್ ವೇಗದಲ್ಲಿ ಹೋಗಿ ನೆಲಕ್ಕೆ ಬಡಿಯಿತು, ರೇಡಿಯೊ ಸಂಕೇತ ನಿಂತಿತು. ಅಲ್ಲಿಗೆ ಎಲ್ಲ ಮುಗಿಯಿತೆಂದೇ ಭಾವಿಸಿದರು. ಆದರೆ ಭೂಮಿಯಲ್ಲಿ ಟೇಪುಗಳು ಓಡುತ್ತಲೇ ಇದ್ದವು. ಕೆಲವು ವಾರಗಳ ನಂತರ ಆ ಟೇಪುಗಳನ್ನು ಜಾಲಾಡಿದಾಗ, ಬರೀ ಗೊರಗೊರ ಸದ್ದು ಎಂದು ಬಿಟ್ಟಿದ್ದ ಭಾಗದಲ್ಲಿ 23 ನಿಮಿಷಗಳ ತೀರಾ ಕ್ಷೀಣವಾದ ಸಂಕೇತ ಸಿಕ್ಕಿತು. ನೌಕೆ ಬಹುಶಃ ಒಂದು ಪಕ್ಕಕ್ಕೆ ವಾಲಿತ್ತು, ಅದರ ಆಂಟೆನಾ ಭೂಮಿಯ ಕಡೆ ನೋಡುತ್ತಿರಲಿಲ್ಲ. ಉಪಕರಣಗಳ ಪೈಕಿ ಒಂದರಿಂದ ಇನ್ನೊಂದಕ್ಕೆ ಬದಲಾಗಬೇಕಿದ್ದ ಸ್ವಿಚ್ ಸಿಕ್ಕಿಕೊಂಡು, ಪಾಪ, ಅದು ಉಷ್ಣತೆಯೊಂದನ್ನೇ ಮತ್ತೆ ಮತ್ತೆ ಹೇಳುತ್ತಿತ್ತು: 475 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬೇರೆ ಗ್ರಹದ ನೆಲದಿಂದ ಮನುಷ್ಯನ ಯಂತ್ರವೊಂದು ಕಳಿಸಿದ ಮೊದಲ ಮಾಹಿತಿ ಅದು.

ಭೂಮಿ ಬಿಟ್ಟರೆ ಯಂತ್ರಗಳು ಇಳಿದು ಕೆಲಸ ಮಾಡಿರುವ ಗ್ರಹಗಳು ಇವತ್ತಿಗೂ ಎರಡೇ: ಶುಕ್ರ ಮತ್ತು ಮಂಗಳ. ಬುಧನ ಮೇಲೆ ಅಮೆರಿಕದ ಮೆಸೆಂಜರ್ 2015ರಲ್ಲಿ ಬಿದ್ದದ್ದುಂಟು, ಇಳಿದದ್ದಲ್ಲ. ಗುರು, ಶನಿಗಳಲ್ಲಿ ಕಾಲೂರಲು ನೆಲವೇ ಇಲ್ಲ. ಹಾಗಾಗಿ ಈ ಇತಿಹಾಸವೆಂದರೆ ಎರಡು ಗ್ರಹಗಳ ಕಥೆ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಎರಡು ಬಗೆಯ ಗಾಳಿಯ ಕಥೆ. ಲ್ಯಾಂಡರ್‌ಗೆ ಕಾಲು ಬೇಕೋ ಚೀಲ ಬೇಕೋ ಹಗ್ಗ ಬೇಕೋ, ಅದು ಎಷ್ಟು ಭಾರ ಇರಬಹುದು, ಯಾವ ಊರಿನಲ್ಲಿ ಇಳಿಯಬಹುದು, ಇವನ್ನೆಲ್ಲ ಬಹುಪಾಲು ನಿರ್ಧರಿಸುವುದು ಅಲ್ಲಿನ ವಾತಾವರಣವೇ.

ಮೊದಲು ಸಮಸ್ಯೆ ಏನೆಂದು ನೋಡೋಣ. ಭೂಮಿಯಿಂದ ಹೊರಟ ನೌಕೆ ಇನ್ನೊಂದು ಗ್ರಹ ತಲುಪುವಾಗ ಅದರ ವೇಗ ಸೆಕೆಂಡಿಗೆ ಹಲವು ಕಿಲೋಮೀಟರ್. ಮಂಗಳಕ್ಕಾದರೆ ಐದರಿಂದ ಏಳೂವರೆ, ಶುಕ್ರಕ್ಕಾದರೆ ಹನ್ನೊಂದರ ಹತ್ತಿರ. ನೆಲ ಮುಟ್ಟುವ ಹೊತ್ತಿಗೆ ಇದು ಮನುಷ್ಯ ನಡೆಯುವ ವೇಗಕ್ಕೆ ಇಳಿಯಬೇಕು. ಚಂದ್ರನಲ್ಲಿ ಗಾಳಿ ಇಲ್ಲ, ಆದ್ದರಿಂದ ಅಲ್ಲಿ ಇರುವ ದಾರಿ ಒಂದೇ, ಎಂಜಿನ್ ಉರಿಸಿ ವೇಗ ತಗ್ಗಿಸುವುದು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಇಳಿದದ್ದನ್ನು ಬೆಂಗಳೂರಿನಲ್ಲಿರುವ ಇಸ್ರೋದ ನೌಕಾ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಿಂದ ನೇರಪ್ರಸಾರದಲ್ಲಿ ನೋಡಿದವರಿಗೆ ನೆನಪಿರಬಹುದು: ಪರದೆಯ ಮೇಲೆ ಎತ್ತರ ಮತ್ತು ವೇಗದ ಅಂಕಿಗಳು ಒಟ್ಟಿಗೇ ಇಳಿಯುತ್ತಿದ್ದವು, ಪ್ಯಾರಾಚೂಟಿನ ಮಾತೇ ಇರಲಿಲ್ಲ. ಚಂದ್ರನ ಗುರುತ್ವ ಕಡಿಮೆ, ವಿಕ್ರಮ್ ಇಳಿಯಲು ಹೊರಟದ್ದು ಕಕ್ಷೆಯಿಂದ, ಹಾಗಾಗಿ ಆ ಲೆಕ್ಕ ಸರಿಹೋಯಿತು. ಅದೇ ಉಪಾಯವನ್ನು ಮಂಗಳಕ್ಕೋ ಶುಕ್ರಕ್ಕೋ ಹೂಡಿದರೆ ನೌಕೆಯ ತುಂಬ ಇಂಧನವೇ ತುಂಬಿ, ಉಪಕರಣಕ್ಕೆ ಜಾಗವೇ ಉಳಿಯುವುದಿಲ್ಲ. ಅಲ್ಲಿ ಗಾಳಿ ಇದೆ. ಅದನ್ನೇ ಬ್ರೇಕಿನಂತೆ ಬಳಸಬೇಕು. ಉಷ್ಣ ಕವಚವನ್ನು ಮುಂದೆ ಮಾಡಿಕೊಂಡು ಗಾಳಿಗೆ ನುಗ್ಗಿದರೆ, ಚಲನೆಯ ಶಕ್ತಿಯ ಬಹುಪಾಲು ಶಾಖವಾಗಿ ಹೊರಗೇ ಹೋಗುತ್ತದೆ. ಉಳಿದದ್ದನ್ನು ಹೇಗೆ ನಿಭಾಯಿಸುವುದು ಎಂಬಲ್ಲಿ ಎರಡು ಗ್ರಹಗಳ ದಾರಿ ಬೇರೆಯಾಗುತ್ತದೆ.

ಶುಕ್ರದಲ್ಲಿ ಗಾಳಿ ವಿಪರೀತ. ನೆಲಮಟ್ಟದಲ್ಲಿ ಒತ್ತಡ ಭೂಮಿಯದಕ್ಕಿಂತ ತೊಂಬತ್ತು ಪಟ್ಟಿಗೂ ಹೆಚ್ಚು. ಸಮುದ್ರದಲ್ಲಿ ಸುಮಾರು 900 ಮೀಟರ್ ಆಳಕ್ಕಿಳಿದರೆ ಎಷ್ಟು ಒತ್ತಡವೋ ಅಷ್ಟು. ಇದು ಆಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. 1966ರ ಮಾರ್ಚ್‌ನಲ್ಲಿ ವೆನೆರಾ-3 ಶುಕ್ರಕ್ಕೆ ಅಪ್ಪಳಿಸಿ, ಬೇರೆ ಗ್ರಹದ ನೆಲ ಮುಟ್ಟಿದ ಮೊದಲ ಮಾನವನಿರ್ಮಿತ ವಸ್ತು ಎನಿಸಿತು. ಆದರೆ ತಲುಪುವ ಮೊದಲೇ ಅದರ ಸಂಪರ್ಕ ಕಡಿದುಹೋಗಿತ್ತು, ಹೇಳಿದ್ದು ಏನೂ ಇಲ್ಲ. ಮುಂದಿನ ವರ್ಷದ ವೆನೆರಾ-4 ಕಟ್ಟುವಾಗ ಮೋಡದ ಕೆಳಗೆ ಸಮುದ್ರವಿದ್ದರೂ ಇರಬಹುದೆಂಬ ಲೆಕ್ಕಾಚಾರವಿತ್ತು. ಅದಕ್ಕೇ ನೌಕೆಯನ್ನು ತೇಲುವಂತೆ ಮಾಡಿದರು, ಆಂಟೆನಾದ ಬೀಗವನ್ನು ಸಕ್ಕರೆಯಿಂದ ಮಾಡಿದರು! ನೀರಿಗೆ ಬಿದ್ದರೆ ಸಕ್ಕರೆ ಕರಗಿ ಆಂಟೆನಾ ಬಿಚ್ಚಿಕೊಳ್ಳಲಿ ಎಂದು. ಬಾಹ್ಯಾಕಾಶ ಎಂಜಿನಿಯರಿಂಗಿನ ಇಡೀ ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾದ ಬಿಡಿಭಾಗ ಇದು. ಏನೂ ಗೊತ್ತಿಲ್ಲದ ಕಡೆಗೆ ಹೊರಟವರ ಎಚ್ಚರಿಕೆ ಅದರಲ್ಲಿ ಕಾಣುತ್ತದೆ.

ಸಕ್ಕರೆಗೆ ಕೆಲಸ ಬೀಳಲಿಲ್ಲ. 1967ರ ಅಕ್ಟೋಬರ್ 18ರಂದು ವೆನೆರಾ-4 ಪ್ಯಾರಾಚೂಟಿನಲ್ಲಿ ಇಳಿಯುತ್ತಾ ಮಾಹಿತಿ ಕಳಿಸಿತು, ನೆಲ ಇನ್ನೂ ಇಪ್ಪತ್ತೈದು ಕಿ.ಮೀ. ಕೆಳಗಿರುವಾಗ ಮೌನವಾಯಿತು. ಅದು ನೆಲ ತಲುಪಿತೆಂದೇ ಸೋವಿಯತ್ ಕಡೆಯವರು ಮೊದಲು ಹೇಳಿದರು. ಮರುದಿನವೇ ಶುಕ್ರದ ಪಕ್ಕದಲ್ಲಿ ಹಾದುಹೋದ ಅಮೆರಿಕದ ಮ್ಯಾರಿನರ್-5ರ ಅಳತೆಗಳನ್ನು ಇದಕ್ಕೆ ಹೊಂದಿಸಿ ನೋಡಿದಾಗ, ಕೆಳಗೆ ಒತ್ತಡ ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚೆಂದು ಗೊತ್ತಾಯಿತು. 1969ರ ವೆನೆರಾ-5 ಮತ್ತು 6ಕ್ಕೆ ಚಿಕ್ಕ ಪ್ಯಾರಾಚೂಟ್ ಕಟ್ಟಿದರು, ಬೇಗ ಇಳಿದರೆ ಹೆಚ್ಚು ಆಳಕ್ಕೆ ಹೋಗಬಹುದೆಂದು. ಎರಡೂ ನೆಲ ಕಾಣುವ ಮೊದಲೇ ಕೊನೆಗೊಂಡವು. ವೆನೆರಾ-7ನ್ನು ಟೈಟಾನಿಯಂ ಗೋಳದಂತೆ ಕಟ್ಟಿ, ಭೂಮಿಯ ಗಾಳಿಯ ಒತ್ತಡದ 180 ಪಟ್ಟು ತಡೆಯುವಷ್ಟು ಗಟ್ಟಿ ಮಾಡಿದ್ದರ ಹಿಂದೆ ಈ ಮೂರು ನೌಕೆಗಳ ಪಾಠವಿತ್ತು.

ಇಲ್ಲೊಂದು ತಮಾಷೆಯ ಸಂಗತಿ ಇದೆ. ಶುಕ್ರದಲ್ಲಿ ಇಳಿಯುವುದು ಕಷ್ಟವಲ್ಲ, ಇಳಿದ ಮೇಲೆ ಉಳಿಯುವುದು ಕಷ್ಟ. ಕೆಳಗಿನ ಗಾಳಿ ಎಷ್ಟು ದಪ್ಪವೆಂದರೆ, ಬಾವಿಯಲ್ಲಿ ಮುಳುಗುವ ಕೊಡದ ಹಾಗೆ ನೌಕೆ ತಾನಾಗಿಯೇ ನಿಧಾನಿಸುತ್ತದೆ. 1975ರ ವೆನೆರಾ-9ರಿಂದ ಮುಂದೆ ಸೋವಿಯತ್ ಎಂಜಿನಿಯರುಗಳು ಪ್ಯಾರಾಚೂಟನ್ನು ಐವತ್ತು ಕಿ.ಮೀ. ಎತ್ತರದಲ್ಲೇ ಕಳಚಿ ಎಸೆಯತೊಡಗಿದರು. ಅಲ್ಲಿಂದ ಕೆಳಗೆ ನೌಕೆಯ ಸುತ್ತ ತಟ್ಟೆಯಂತೆ ಚಾಚಿಕೊಂಡ ಒಂದು ಲೋಹದ ಅಂಚು, ನೆಲಕ್ಕೆ ತಾಗುವಾಗ ನಜ್ಜುಗುಜ್ಜಾಗಿ ಪೆಟ್ಟು ಹೀರಿಕೊಳ್ಳುವ ಒಂದು ಉಂಗುರ, ಇಷ್ಟೇ. ನೆಲ ಮುಟ್ಟುವ ವೇಗ ಸೆಕೆಂಡಿಗೆ ಏಳೆಂಟು ಮೀಟರ್. 1978ರಲ್ಲಿ ಅಮೆರಿಕ ಕಳಿಸಿದ ಪಯೋನಿಯರ್ ವೀನಸ್‌ನ ಪುಟ್ಟ ಶೋಧಕಗಳಿಗೆ ಪ್ಯಾರಾಚೂಟೇ ಇರಲಿಲ್ಲ. ನೆಲದಲ್ಲಿ ಬದುಕಬೇಕೆಂದು ಅವನ್ನು ಕಟ್ಟಿರಲೂ ಇಲ್ಲ. ಹಾಗಿದ್ದೂ ಅವುಗಳಲ್ಲೊಂದು ನೆಲಕ್ಕೆ ಬಡಿದ ಮೇಲೆ 67 ನಿಮಿಷ ಮಾತಾಡಿತು.

ಉಳಿಯುವ ಕಷ್ಟಕ್ಕೆ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಸೀಸ ಕರಗುವ ಶಾಖದಲ್ಲಿ ಸಾಮಾನ್ಯ ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವುದಿಲ್ಲ. ವಾತಾವರಣ ಪ್ರವೇಶಕ್ಕೆ ಮುನ್ನ ಲ್ಯಾಂಡರನ್ನು ಒಳಗಿನಿಂದ ತಣ್ಣಗೆ ಮಾಡಿಟ್ಟು, ದಪ್ಪ ಹೊದಿಕೆ ಹೊದಿಸಿ, ಶಾಖ ಒಳಗೆ ನುಗ್ಗುವಷ್ಟರಲ್ಲಿ ಸಿಕ್ಕಷ್ಟು ಕೆಲಸ ಮುಗಿಸಿಕೊಳ್ಳುವುದು, ಇದಿಷ್ಟೇ ತಂತ್ರ. ವೆನೆರಾ-9 ಬದುಕಿದ್ದು 53 ನಿಮಿಷ, ಅಷ್ಟರಲ್ಲಿ ಬೇರೆ ಗ್ರಹದ ನೆಲದಿಂದ ಮೊಟ್ಟಮೊದಲ ಚಿತ್ರ ಕಳಿಸಿತು: ಚಪ್ಪಟೆ, ಚೂಪು ಅಂಚಿನ ಕಲ್ಲುಗಳು, ಮೂಲೆಯಲ್ಲಿ ಬಾಗಿದ ದಿಗಂತ. ಅದರಲ್ಲಿ ಎರಡು ಕ್ಯಾಮೆರಾ ಇದ್ದವು, ಒಂದರ ಮುಚ್ಚಳ ಬಿಚ್ಚಿಕೊಳ್ಳಲಿಲ್ಲ. ಮೂರು ದಿನ ಬಿಟ್ಟು ಇಳಿದ ವೆನೆರಾ-10ರಲ್ಲೂ ಅದೇ ಗತಿ. 1978ರ ವೆನೆರಾ-11 ಮತ್ತು 12ರಲ್ಲಂತೂ ಒಂದು ಮುಚ್ಚಳವೂ ತೆರೆಯಲಿಲ್ಲ, ಒಂದು ಚಿತ್ರವೂ ಬರಲಿಲ್ಲ. ಕೋಟ್ಯಂತರ ಕಿ.ಮೀ. ದಾಟಿ, ತೊಂಬತ್ತು ಪಟ್ಟು ಒತ್ತಡ ತಾಳಿ, ಕೊನೆಗೆ ಮುಚ್ಚಳದ ಹತ್ತಿರ ಸೋಲು. 1982ರ ಮಾರ್ಚ್‌ನಲ್ಲಿ ವೆನೆರಾ-13 ಮತ್ತು 14 ಇಳಿದಾಗ ಮುಚ್ಚಳಗಳು ಚೆನ್ನಾಗಿಯೇ ಹಾರಿದವು, ಬಣ್ಣದ ಚಿತ್ರಗಳೂ ಬಂದವು. ಆದರೆ ಮಣ್ಣಿನ ಗಡಸುತನ ಅಳೆಯಲು ವೆನೆರಾ-14 ತನ್ನ ತೋಳು ಚಾಚಿದ ಜಾಗದಲ್ಲೇ ಅದರ ಮುಚ್ಚಳ ಬಿದ್ದಿತ್ತು ಎಂಬ ಕಥೆ ಇಂದಿಗೂ ಪ್ರಸಿದ್ಧ. ಶುಕ್ರದ ನೆಲವನ್ನು ಅಳೆಯಹೋಗಿ ಮುಚ್ಚಳವನ್ನು ಅಳೆದರಂತೆ.

ಮೂವತ್ತೆರಡು ನಿಮಿಷ ಬಾಳಿದರೆ ಸಾಕೆಂದು ಕಟ್ಟಿದ್ದ ವೆನೆರಾ-13 127 ನಿಮಿಷ ಬಾಳಿತು. ನೆಲದ ಮೇಲೆ ಅಷ್ಟು ಹೊತ್ತು ತಡೆದ ಯಂತ್ರ ಶುಕ್ರದಲ್ಲಿ ಮತ್ತೊಂದಿಲ್ಲ. 1985ರ ಜೂನ್‌ನಲ್ಲಿ ವೇಗಾ-1 ಮತ್ತು 2 ಇಳಿದವು, ಜೊತೆಗೆ ಮೇಲಿನ ಗಾಳಿಯಲ್ಲಿ ಎರಡು ಬಲೂನುಗಳನ್ನೂ ತೇಲಿಬಿಟ್ಟವು. ಆಮೇಲೆ ಅಲ್ಲಿಗೆ ಯಾರೂ ಲ್ಯಾಂಡರ್ ಇಳಿಸಿಲ್ಲ. ಈ ಸರಣಿಗೆ ಸೇರಿದ್ದ ಇನ್ನೊಂದು ಲ್ಯಾಂಡರ್ ಮಾತ್ರ ಇತ್ತೀಚೆಗೆ ಸುದ್ದಿಯಾಯಿತು. 1972ರ ಮಾರ್ಚ್‌ನಲ್ಲಿ ಉಡಾಯಿಸಿದ ಅದು ಭೂಮಿಯ ಕಕ್ಷೆ ಬಿಟ್ಟು ಹೋಗಲಾರದೆ ಕಾಸ್ಮೊಸ್-482 ಎಂಬ ಹೆಸರಿನಲ್ಲಿ ಐವತ್ತಮೂರು ವರ್ಷ ನಮ್ಮ ತಲೆಯ ಮೇಲೆಯೇ ಸುತ್ತುತ್ತಿತ್ತು. 2025ರ ಮೇ 10ರಂದು ಕೆಳಗೆ ಬಿತ್ತು, ಜಕಾರ್ತಾದ ಪಶ್ಚಿಮಕ್ಕೆ ಹಿಂದೂ ಮಹಾಸಾಗರದಲ್ಲಿ ಎಂದು ರಷ್ಯಾ ಹೇಳಿತು. ಶುಕ್ರಕ್ಕೆಂದು ಕಟ್ಟಿದ್ದರಿಂದ ಭೂಮಿಯ ವಾತಾವರಣದಲ್ಲಿ ಉರಿದುಹೋಗದೆ ಇಡಿಯಾಗಿ ಬೀಳಬಹುದೆಂಬ ಆತಂಕ ಇದ್ದೇ ಇತ್ತು.

ಈಗ ಮಂಗಳಕ್ಕೆ ಬರೋಣ. ಅಲ್ಲಿ ತದ್ವಿರುದ್ಧ. ನೆಲಮಟ್ಟದ ಒತ್ತಡ ಸುಮಾರು ಆರು ಮಿಲಿಬಾರ್, ಅಂದರೆ ನಮ್ಮದರ ನೂರರಲ್ಲೊಂದು ಪಾಲೂ ಇಲ್ಲ. ಭೂಮಿಯಿಂದ ಮೂವತ್ತೈದು ಕಿ.ಮೀ. ಎತ್ತರಕ್ಕೆ ಹೋದರೆ ಸಿಗುವಷ್ಟು ಗಾಳಿ. ಇದೊಂದು ಅಡ್ಡಕತ್ತರಿ. ಕವಚವಿಲ್ಲದೆ ನುಗ್ಗಿದರೆ ಸುಟ್ಟುಹೋಗುವಷ್ಟು ಗಾಳಿ ಇದೆ, ಪ್ಯಾರಾಚೂಟೊಂದನ್ನೇ ನಂಬಿ ಇಳಿಯುವಷ್ಟು ಇಲ್ಲ. ಸೂಪರ್‌ಸಾನಿಕ್ (ಶಬ್ದಕ್ಕಿಂತ ಹೆಚ್ಚಿನ) ವೇಗದಲ್ಲೇ ದೊಡ್ಡ ಪ್ಯಾರಾಚೂಟ್ ಬಿಚ್ಚಿದರೂ, ನೆಲಕ್ಕೆ ಹತ್ತಿರವಾಗುವಾಗ ನೌಕೆ ಗಂಟೆಗೆ ಮುನ್ನೂರು ಕಿ.ಮೀ. ಆಸುಪಾಸಿನ ವೇಗದಲ್ಲಿರುತ್ತದೆ. ಆ ಕೊನೆಯ ಮುನ್ನೂರನ್ನು ಕಳೆಯುವುದು ಹೇಗೆ? ಮಂಗಳದ ಲ್ಯಾಂಡರುಗಳೆಲ್ಲ ಉತ್ತರಿಸಹೊರಟದ್ದು ಈ ಒಂದೇ ಪ್ರಶ್ನೆಯನ್ನು. ಮೇಲಾಗಿ ಭೂಮಿಯಿಂದ ರೇಡಿಯೊ ಸಂದೇಶ ತಲುಪಲು ಹಲವು ನಿಮಿಷ ಬೇಕು, ಇಳಿಯುವ ಕಾರ್ಯವೇ ಏಳು ನಿಮಿಷದ್ದು. ಇಲ್ಲಿ ಕೂತವರಿಗೆ "ನೌಕೆ ವಾತಾವರಣ ಹೊಕ್ಕಿತು" ಎಂಬ ಸುದ್ದಿ ಬರುವ ಹೊತ್ತಿಗೆ ಅಲ್ಲಿ ಅದು ಇಳಿದಾಗಿರುತ್ತದೆ, ಇಲ್ಲವೇ ಚೂರಾಗಿರುತ್ತದೆ. ಎಲ್ಲ ತೀರ್ಮಾನವೂ ಯಂತ್ರದ್ದೇ.

ಮೊದಲು ಕೈಹಾಕಿದ್ದು ಮತ್ತೆ ಸೋವಿಯತ್ತರು. 1971ರ ನವೆಂಬರ್ 27ರಂದು ಮಾರ್ಸ್-2 ಅಪ್ಪಳಿಸಿ ಒಡೆಯಿತು. ಡಿಸೆಂಬರ್ 2ರಂದು ಮಾರ್ಸ್-3 ಸರಿಯಾಗಿಯೇ ಇಳಿಯಿತು, ಮಂಗಳದ ಮೊದಲ ಮೃದು ಇಳಿತ ಅದೇ. ಒಂದೂವರೆ ನಿಮಿಷದ ನಂತರ ಚಿತ್ರ ಕಳಿಸಲು ಶುರುಮಾಡಿ, ಇಪ್ಪತ್ತು ಸೆಕೆಂಡೂ ಕಳೆಯುವುದರೊಳಗೆ ನಿಂತುಹೋಯಿತು. ಬಂದಷ್ಟು ಭಾಗದಲ್ಲಿ ಬೂದುಬಣ್ಣ ಬಿಟ್ಟರೆ ಏನೂ ಕಾಣಿಸುತ್ತಿರಲಿಲ್ಲ. ಆಗ ಇಡೀ ಗ್ರಹವನ್ನು ಧೂಳಿನ ಬಿರುಗಾಳಿ ಮುಚ್ಚಿತ್ತು. ಅದೇ ವೇಳೆಗೆ ಕಕ್ಷೆಯಲ್ಲಿದ್ದ ಅಮೆರಿಕದ ಮ್ಯಾರಿನರ್-9 ಧೂಳು ಕುಳಿತುಕೊಳ್ಳುವವರೆಗೆ ಕಾದು ಗ್ರಹದ ನಕ್ಷೆ ತೆಗೆಯಿತು. ಸೋವಿಯತ್ ನೌಕೆಗಳಿಗೆ ಕಾಯುವ ಅವಕಾಶವಿರಲಿಲ್ಲ, ಕಾರ್ಯಕ್ರಮ ಮೊದಲೇ ಬರೆದಾಗಿತ್ತು. ಮಾರ್ಸ್-3ರ ಒಳಗೆ ಹದಿನೈದು ಮೀಟರ್ ತಂತಿಗೆ ಕಟ್ಟಿದ, ಹಿಮದ ಮೇಲೆ ಜಾರಲು ಬಳಸುವ ಸ್ಕೀಯಂಥ ಹಲಗೆಗಳ ಮೇಲೆ ಹೆಜ್ಜೆಹಾಕುವ ಒಂದು ಚಿಕ್ಕ ರೋಬಾಟ್ ಕೂಡ ಇತ್ತು. ಎಲ್ಲ ಸರಿಹೋಗಿದ್ದರೆ ಮಂಗಳದ ಮೊದಲ ರೋವರ್ (ನೆಲದ ಮೇಲೆ ಓಡಾಡುವ ಯಂತ್ರ) ಎಂಬ ಹೆಸರು ಅದರದ್ದಾಗುತ್ತಿತ್ತು. 1974ರಲ್ಲಿ ಮಾರ್ಸ್-6 ಇಳಿಯುತ್ತಿರುವಾಗಲೇ ಕಳೆದುಹೋಯಿತು, ಮಾರ್ಸ್-7 ಗ್ರಹವನ್ನೇ ತಪ್ಪಿಸಿಕೊಂಡು ಹೋಯಿತು. ಆ ಸರಣಿಯ ಟ್ರಾನ್ಸಿಸ್ಟರುಗಳು ಕೆಡುತ್ತವೆಂದು ಉಡಾವಣೆಗೆ ಮೊದಲೇ ಗೊತ್ತಾಗಿತ್ತು, ಬದಲಾಯಿಸಲು ಸಮಯವಿಲ್ಲವೆಂದು ಹಾಗೆಯೇ ಹಾರಿಸಿದ್ದರು.

ಅಮೆರಿಕದ ವೈಕಿಂಗ್ ಜೋಡಿ ಈ ಪ್ರಶ್ನೆಗೆ ಕೊಟ್ಟ ಉತ್ತರ ದುಬಾರಿ, ಆದರೆ ಭದ್ರ. ನೇರವಾಗಿ ನುಗ್ಗದೆ ಮೊದಲು ಕಕ್ಷೆ ಸೇರಿ, ಇಳಿಯುವ ಜಾಗದ ಚಿತ್ರ ತೆಗೆದು ನೋಡಿತು. 1976ರ ಜುಲೈ 4ಕ್ಕೆ, ಅಂದರೆ ಅಮೆರಿಕದ ಸ್ವಾತಂತ್ರ್ಯದ ಇನ್ನೂರನೇ ವರ್ಷದ ದಿನಕ್ಕೇ ಇಳಿಸಬೇಕೆಂಬ ಆಸೆಯಿತ್ತು. ಚಿತ್ರ ನೋಡಿದರೆ ಜಾಗ ತೀರಾ ಒರಟು. ಹಬ್ಬ ಬಿಟ್ಟು ಬೇರೆ ಜಾಗ ಹುಡುಕಿ, ಜುಲೈ 20ರಂದು ಇಳಿಸಿದರು. ರಾಜಕೀಯ ಮುಹೂರ್ತಕ್ಕಿಂತ ಎಂಜಿನಿಯರುಗಳ ಮಾತು ಗೆದ್ದ ಉದಾಹರಣೆಗಳು ಎಲ್ಲ ದೇಶಗಳಲ್ಲೂ ಕಡಿಮೆಯೇ. ಉಷ್ಣ ಕವಚ, ಹದಿನಾರು ಮೀಟರ್ ಪ್ಯಾರಾಚೂಟ್, ಕೊನೆಗೆ ಮೂರು ಎಂಜಿನ್. ಪ್ರತಿ ಎಂಜಿನ್ನಿಗೂ ಒಂದು ದೊಡ್ಡ ಬಾಯಿಯ ಬದಲು ಹದಿನೆಂಟು ಸಣ್ಣ ಬಾಯಿಗಳು, ಬೆಂಕಿಯ ಹೊಡೆತ ಹಂಚಿಹೋಗಿ ಮಣ್ಣು ಕೆದಕದಿರಲಿ ಎಂದು. ಅವರು ಹೊರಟದ್ದು ಆ ಮಣ್ಣಿನಲ್ಲಿ ಜೀವ ಹುಡುಕಲು, ಅದನ್ನೇ ಸುಟ್ಟರೆ ಹೇಗೆ?

ವೈಕಿಂಗ್-1 ನೆಲ ಮುಟ್ಟಿದ ಅರ್ಧ ನಿಮಿಷದೊಳಗೆ ಮೊದಲ ಚಿತ್ರ ತೆಗೆಯಲು ಶುರುಮಾಡಿತು. ಚಿತ್ರದಲ್ಲಿದ್ದದ್ದು ಅದರದೇ ಪಾದ, ಪಾದದ ಸುತ್ತ ಚೂರುಕಲ್ಲು. ಎಷ್ಟು ಹುಗಿದಿದೆ ನೋಡೋಣ ಎಂದು. ಆಮೇಲೆ ಸುತ್ತಲೂ ನೋಡಿದಾಗ ಸುಮಾರು ಎಂಟು ಮೀಟರ್ ಆಚೆಗೆ ಎರಡು ಮೀಟರ್ ಅಗಲದ ಬಂಡೆಯೊಂದು ಕೂತಿತ್ತು. ಅದಕ್ಕೆ 'ಬಿಗ್ ಜೋ' ಎಂದು ಹೆಸರಿಟ್ಟರು. ಕಕ್ಷೆಯ ಚಿತ್ರಗಳಲ್ಲಿ ಅಷ್ಟು ಚಿಕ್ಕದು ಕಾಣುವಂತಿರಲಿಲ್ಲ, ಲ್ಯಾಂಡರಿಗೆ ಕಣ್ಣಿರಲಿಲ್ಲ. ಎಂಟು ಮೀಟರ್ ಅತ್ತ ಇಳಿದಿದ್ದರೆ ವೈಕಿಂಗ್ ಇವತ್ತು ಸೋಲಿನ ಪಟ್ಟಿಯಲ್ಲಿರುತ್ತಿತ್ತು. ಅದೃಷ್ಟ ಬಿಟ್ಟರೆ ವೈಕಿಂಗಿನ ಇನ್ನೊಂದು ಆಸ್ತಿ ಅದರ ಪರೀಕ್ಷಾ ದಾಖಲೆಗಳು. ಭೂಮಿಯ ಮೇಲಿನ ತೆಳುಗಾಳಿಗೆ ಒಯ್ದು ಸೂಪರ್‌ಸಾನಿಕ್ ವೇಗದಲ್ಲಿ ಪ್ಯಾರಾಚೂಟ್ ಬಿಚ್ಚಿ ನೋಡಿದ ಆ ಪರೀಕ್ಷೆಗಳಿಗೆ ವಿಪರೀತ ಹಣ ಹೋಗಿತ್ತು. ಅಮೆರಿಕದ ಮುಂದಿನ ಮಂಗಳ ನೌಕೆಗಳು ಹಲವು ದಶಕ ಅದೇ ಅಳತೆಗಳನ್ನು, ಅದೇ ಆಕಾರದ ಕವಚವನ್ನು ನೆಚ್ಚಿಕೊಂಡವು.

ವೈಕಿಂಗಿನ ನಂತರ ಇಪ್ಪತ್ತೊಂದು ವರ್ಷ ಮಂಗಳದಲ್ಲಿ ಯಾವುದೂ ಇಳಿಯಲಿಲ್ಲ. 1997ರ ಜುಲೈ 4ರಂದು ಪಾತ್‌ಫೈಂಡರ್ ಬಂದದ್ದು ಕಡಿಮೆ ಖರ್ಚಿನ ಉಪಾಯದೊಂದಿಗೆ. ಕಕ್ಷೆ ಸೇರುವ ಗೋಜಿಲ್ಲ, ನೇರ ನುಗ್ಗುವುದು. ಪ್ಯಾರಾಚೂಟ್, ಘನ ಇಂಧನದ ರಾಕೆಟ್ಟುಗಳ ಒಂದು ಕ್ಷಣದ ಉರಿ, ಆಮೇಲೆ ನಾಲ್ಕೂ ಮೈಗೆ ಉಬ್ಬಿಕೊಂಡ ಗಾಳಿಚೀಲಗಳ ಮೇಲೆ ಬಿದ್ದು ಪುಟಿಯುವುದು. ಹದಿನೈದಕ್ಕೂ ಹೆಚ್ಚು ಸಲ ಪುಟಿದು ನಿಂತಿತು, ದಳಗಳಂತೆ ಬಿಚ್ಚಿಕೊಂಡಿತು, ಹತ್ತೂವರೆ ಕಿಲೋ ತೂಕದ ಸೊಜರ್ನರ್ ರೋವರ್ ಕೆಳಗಿಳಿಯಿತು. ಇದರ ಚೆಲುವು ಇರುವುದು ಬಂಡೆ ಇದ್ದರೂ ಪರವಾಗಿಲ್ಲ ಎಂಬುದರಲ್ಲಿ. ಬಿಗ್ ಜೋ ಮೇಲೆ ಬಿದ್ದರೂ ಪುಟಿದು ಆಚೆ ಹೋಗುತ್ತದೆ.

ಅದರ ಗೆಲುವಿನ ಗುಂಗಿನಲ್ಲಿ ಖರ್ಚನ್ನು ಇನ್ನೂ ಕತ್ತರಿಸಿದರು. ಪರಿಣಾಮ 1999ರ ಡಿಸೆಂಬರ್ 3ರ ಮಾರ್ಸ್ ಪೋಲಾರ್ ಲ್ಯಾಂಡರ್. ಇದು ವೈಕಿಂಗಿನಂತೆ ಕಾಲೂರಿ ಇಳಿಯಬೇಕಿತ್ತು. ಪಾದಕ್ಕೆ ನೆಲ ತಾಗಿದ್ದನ್ನು ತಿಳಿಯಲು ಕಾಲಿನಲ್ಲಿ ಸಂವೇದಕಗಳಿದ್ದವು, ತಾಗಿದ ತಕ್ಷಣ ಎಂಜಿನ್ ನಿಲ್ಲಬೇಕು. ಆದರೆ ಮೇಲೆ ಮಡಿಚಿದ್ದ ಕಾಲುಗಳು ಝಾಡಿಸಿ ಬಿಚ್ಚಿಕೊಂಡಾಗ ಆ ಅಲುಗಾಟಕ್ಕೇ ಸಂವೇದಕ "ತಾಗಿತು" ಎಂದು ಗುರುತು ಹಾಕಿಬಿಟ್ಟಿರಬೇಕು. ತಂತ್ರಾಂಶ ಆ ಗುರುತನ್ನು ಅಳಿಸಲಿಲ್ಲ. ನಲವತ್ತು ಮೀಟರ್ ಎತ್ತರದಲ್ಲಿ ಸಂವೇದಕದ ಮಾತು ಕೇಳಲು ಶುರುಮಾಡಿದಾಗ ಹಳೆಯ ಗುರುತು ಸಿಕ್ಕಿತು, ಎಂಜಿನ್ ಆರಿತು. ತನಿಖಾ ತಂಡ ಅತ್ಯಂತ ಸಂಭವನೀಯ ಎಂದು ಹೇಳಿದ ಕಾರಣ ಇದು. ಖಚಿತಪಡಿಸಿಕೊಳ್ಳುವ ದಾರಿಯೇ ಇರಲಿಲ್ಲ, ಯಾಕೆಂದರೆ ಇಳಿಯುವಾಗ ಮಾಹಿತಿ ಕಳಿಸುವ ವ್ಯವಸ್ಥೆಯನ್ನೇ ಹಣ ಉಳಿಸಲು ಕೈಬಿಟ್ಟಿದ್ದರು. ನನ್ನ ಮಟ್ಟಿಗೆ ತಂತ್ರಾಂಶದ ತಪ್ಪಿಗಿಂತ ಇದು ದೊಡ್ಡ ತಪ್ಪು. ಹೇಗೆ ಬಿತ್ತೆಂದು ಹೇಳದೆ ಬೀಳುವ ಯಂತ್ರದಿಂದ ಮುಂದಿನವರಿಗೆ ಸಿಗುವುದು ಊಹೆ ಮಾತ್ರ.

ಬ್ರಿಟನ್ನಿನ ಬೀಗಲ್-2ರದ್ದು ಬೇರೆಯೇ ನೋವು. 2003ರ ಕ್ರಿಸ್‌ಮಸ್ ದಿನ ಇಳಿಯಬೇಕಿದ್ದ ಅದು ಒಂದು ಮಾತೂ ಆಡಲಿಲ್ಲ. ಅದರ ಹಿಂದಿನ ಶಕ್ತಿಯಾಗಿದ್ದ ವಿಜ್ಞಾನಿ ಕಾಲಿನ್ ಪಿಲಿಂಜರ್ 2014ರ ಮೇನಲ್ಲಿ ತೀರಿಕೊಂಡರು. 2015ರ ಜನವರಿಯಲ್ಲಿ, ಮಂಗಳದ ಕಕ್ಷೆಯಲ್ಲಿದ್ದ ಅಮೆರಿಕದ ನೌಕೆಯ ಚಿತ್ರಗಳಲ್ಲಿ ಬೀಗಲ್ ಪತ್ತೆಯಾಯಿತು. ಅದು ಒಡೆದಿರಲಿಲ್ಲ, ನೆಟ್ಟಗೆ ಇಳಿದಿತ್ತು. ಸೌರಫಲಕಗಳು ಪೂರ್ತಿ ಬಿಚ್ಚಿಕೊಂಡಿರಲಿಲ್ಲ, ಅಷ್ಟೇ. ಆಂಟೆನಾ ಇದ್ದದ್ದು ಅವುಗಳ ಅಡಿಯಲ್ಲಿ.

2004ರ ಜನವರಿಯಲ್ಲಿ ಸ್ಪಿರಿಟ್, ಆಪರ್ಚುನಿಟಿ ರೋವರುಗಳು ಗಾಳಿಚೀಲದಲ್ಲೇ ಇಳಿದವು. ತೊಂಬತ್ತು ದಿನ ಬಾಳಿದರೆ ಸಾಕೆಂದುಕೊಂಡಿದ್ದ ಆಪರ್ಚುನಿಟಿ 2018ರವರೆಗೆ ನಡೆದು 45 ಕಿ.ಮೀ. ದಾಟಿದ್ದು ಎಲ್ಲರಿಗೂ ಗೊತ್ತಿರುವ ಮಾತು. ಇಳಿಯುವ ವಿಷಯಕ್ಕೆ ಮುಖ್ಯವಾದದ್ದು ಬೇರೆ: ಅಲ್ಲಿಗೆ ಗಾಳಿಚೀಲದ ಕಾಲ ಮುಗಿಯಿತು. ಸುಮಾರು 180 ಕಿಲೋ ರೋವರನ್ನು ಹೊತ್ತು ಪುಟಿಯುವಷ್ಟರಲ್ಲೇ ಬಟ್ಟೆ ಹರಿಯುವ ಅಂಚಿಗೆ ಬಂದಿತ್ತು. ಮುಂದಿನ ರೋವರ್ ಕ್ಯೂರಿಯಾಸಿಟಿಯ ತೂಕ 899 ಕಿಲೋ, ಅದನ್ನು ತಡೆಯುವ ಚೀಲ ಹೊಲಿಯಲಾಗದು. ಕಾಲಿನ ಲ್ಯಾಂಡರ್ ಮೇಲೆ ಕೂರಿಸಿದರೆ ಭಾರ ಮೇಲಾಗಿ ಬುಡಮೇಲಾಗುವ ಭಯ, ಅಷ್ಟೆತ್ತರದಿಂದ ರೋವರ್ ಕೆಳಗಿಳಿಯುವ ಪಾಡು. ಜೊತೆಗೆ, ನೆಲದ ಹತ್ತಿರ ಉರಿಯುವ ದೊಡ್ಡ ಎಂಜಿನ್ ಗುಂಡಿ ತೋಡುತ್ತದೆ. 2008ರ ಫೀನಿಕ್ಸ್ ಲ್ಯಾಂಡರ್ ಇಳಿದ ಮೇಲೆ ತನ್ನ ಹೊಟ್ಟೆಯಡಿಗೆ ಕ್ಯಾಮೆರಾ ಚಾಚಿದಾಗ ಇದು ಕಣ್ಣಿಗೇ ಕಂಡಿತು: ಎಂಜಿನ್ನಿನ ಹೊಡೆತಕ್ಕೆ ಮಣ್ಣು ಹಾರಿಹೋಗಿ, ಕೆಳಗಿನ ಬಿಳಿ ಮಂಜುಗಡ್ಡೆ ಬಯಲಾಗಿತ್ತು. ಮಂಜುಗಡ್ಡೆ ಹುಡುಕಲು ಹೋದ ಫೀನಿಕ್ಸಿಗೆ ಅದು ಲಾಭವೇ ಆಯಿತು, ಆ ಮಾತು ಬೇರೆ.

ಉತ್ತರವಾಗಿ ಬಂದದ್ದು ಸ್ಕೈ ಕ್ರೇನ್. ಮೊದಲ ಬಾರಿ ಕೇಳಿದಾಗ ಯಾರಿಗಾದರೂ ಹುಚ್ಚು ಎನಿಸುತ್ತದೆ. ಎಂಜಿನ್ನುಗಳನ್ನು ರೋವರಿನ ಕೆಳಗಲ್ಲ, ಮೇಲೆ ಇಡುವುದು. 2012ರ ಆಗಸ್ಟ್ 6ರಂದು ಕ್ಯೂರಿಯಾಸಿಟಿ ಸೆಕೆಂಡಿಗೆ ಆರು ಕಿ.ಮೀ. ಹತ್ತಿರದ ವೇಗದಲ್ಲಿ ವಾತಾವರಣ ಹೊಕ್ಕಿತು. ಬರೀ ಬೀಳಲಿಲ್ಲ, ಕವಚವನ್ನು ಓರೆ ಹಿಡಿದು ಎಡಬಲಕ್ಕೆ ತಿರುಗುತ್ತಾ ಗುರಿ ಸರಿಮಾಡಿಕೊಂಡಿತು. ಹನ್ನೊಂದು ಕಿ.ಮೀ. ಎತ್ತರದ ಸುಮಾರಿಗೆ ಪ್ಯಾರಾಚೂಟ್, ನಂತರ ಕವಚ ಕಳಚಿ ರಾಡಾರ್ ನೆಲ ನೋಡಲು ಶುರು. ಒಂದೂವರೆ ಕಿ.ಮೀ. ಆಸುಪಾಸಿನಲ್ಲಿ ಪ್ಯಾರಾಚೂಟನ್ನೂ ಬಿಟ್ಟು, ಎಂಟು ಎಂಜಿನ್ನಿನ ಚೌಕಟ್ಟು ರೋವರನ್ನು ಹೊತ್ತು ಹಾರತೊಡಗಿತು. ಇಪ್ಪತ್ತು ಮೀಟರಿಗೆ ಬಂದಾಗ ಏಳೂವರೆ ಮೀಟರ್ ಉದ್ದದ ನೈಲಾನ್ ಹಗ್ಗಗಳಲ್ಲಿ ರೋವರನ್ನು ಕೆಳಗಿಳಿಬಿಟ್ಟಿತು, ಸೆಕೆಂಡಿಗೆ ಮುಕ್ಕಾಲು ಮೀಟರ್ ವೇಗದಲ್ಲಿ ಚಕ್ರಗಳೇ ನೆಲಕ್ಕೆ ತಾಗಿದವು. ಇಲ್ಲಿ ಗಮನಿಸಬೇಕಾದದ್ದು, ನೆಲ ತಾಗಿತೆಂದು ತಿಳಿಯಲು ಈ ಬಾರಿ ಪಾದದ ಸಂವೇದಕವನ್ನು ನಂಬಲಿಲ್ಲ. ಒಂದೇ ವೇಗದಲ್ಲಿ ಇಳಿಯುತ್ತಿರುವ ಚೌಕಟ್ಟಿಗೆ ರೋವರಿನ ಭಾರ ಇಳಿದ ತಕ್ಷಣ ಎಂಜಿನ್ ತಾನಾಗಿ ತಗ್ಗಬೇಕಾಗುತ್ತದೆ. ಆ ತಗ್ಗಿದ ಮಟ್ಟ ಸ್ಥಿರವಾಗಿ ನಿಂತರೆ ರೋವರ್ ನೆಲದ ಮೇಲಿದೆ ಎಂದರ್ಥ. ಹಗ್ಗ ಕತ್ತರಿಸಿ, ಚೌಕಟ್ಟು ದೂರ ಹಾರಿಹೋಗಿ ಬಿತ್ತು. ಆದರೂ ಎಂಜಿನ್ ಗಾಳಿಗೆ ಹಾರಿದ ಕಲ್ಲು ಬಡಿದೇ ರೋವರಿನ ಒಂದು ಗಾಳಿ ಅಳೆಯುವ ಸಂವೇದಕ ಕೆಟ್ಟಿರಬೇಕೆಂದು ಎಂಜಿನಿಯರುಗಳು ಊಹಿಸಿದರು.

2016ರ ಅಕ್ಟೋಬರ್ 19ರಂದು ಯುರೋಪಿನ ಸ್ಕಿಯಾಪರೆಲ್ಲಿ ಇಳಿಯಲು ಹೋಗಿ, ಪೋಲಾರ್ ಲ್ಯಾಂಡರಿನ ಅಣ್ಣತಮ್ಮನಂತಹ ತಪ್ಪು ಮಾಡಿತು. ಪ್ಯಾರಾಚೂಟ್ ಬಿಚ್ಚಿಕೊಂಡಾಗ ನೌಕೆ ಜೋರಾಗಿ ತೊನೆದಾಡಿತು, ತಿರುಗುವ ವೇಗ ಅಳೆಯುವ ಉಪಕರಣ ಸುಮಾರು ಒಂದು ಸೆಕೆಂಡ್ ತನ್ನ ಮಿತಿಯಲ್ಲೇ ಸಿಕ್ಕಿಕೊಂಡಿತು. ಆ ಒಂದು ಸೆಕೆಂಡಿನ ಸುಳ್ಳನ್ನು ಕೂಡಿಸಿ ಕಳೆದ ಕಂಪ್ಯೂಟರ್, ತಾನು ನೆಲದ ಕೆಳಗಿದ್ದೇನೆ ಎಂದು ಲೆಕ್ಕಹಾಕಿತು! ಹಾಗಿದ್ದ ಮೇಲೆ ಇನ್ನೇನು, ಪ್ಯಾರಾಚೂಟ್ ಬಿಟ್ಟಿತು, ಎಂಜಿನ್ನನ್ನು ಮೂರು ಸೆಕೆಂಡ್ ಉರಿಸಿ ಆರಿಸಿತು. ನಿಜವಾದ ಎತ್ತರ 3.7 ಕಿ.ಮೀ. ಎತ್ತರ ಶೂನ್ಯಕ್ಕಿಂತ ಕಡಿಮೆ ಬಂದರೆ ಅದು ಅಸಾಧ್ಯ ಎಂದು ಹೇಳುವ ಒಂದು ಸಾಲು ಆ ತಂತ್ರಾಂಶದಲ್ಲಿ ಇರಲಿಲ್ಲ. ಆದರೆ ಇದು ಬೀಳುತ್ತಲೇ ಮಾಹಿತಿ ಕಳಿಸುತ್ತಿತ್ತು, ಆದ್ದರಿಂದ ಕಾರಣ ತಿಳಿಯಿತು.

ವೈಕಿಂಗಿಗೆ ಇಲ್ಲದಿದ್ದ ಕಣ್ಣು ಅಮೆರಿಕದ ಪರ್ಸೆವರೆನ್ಸ್ ರೋವರಿಗೆ ಬಂತು. 2021ರ ಫೆಬ್ರವರಿ 18ರಂದು ಜೆಝೆರೊ ಕುಳಿಯ ಮೇಲೆ ಪ್ಯಾರಾಚೂಟಿನಲ್ಲಿ ತೂಗುತ್ತಿರುವಾಗಲೇ ಅದು ಕೆಳಗಿನ ನೆಲದ ಚಿತ್ರ ತೆಗೆದು, ಕಕ್ಷೆಯಿಂದ ಮೊದಲೇ ಮಾಡಿಟ್ಟ ನಕ್ಷೆಯೊಂದಿಗೆ ಹೋಲಿಸಿ, ತಾನು ಎಲ್ಲಿದ್ದೇನೆಂದು ಕಂಡುಕೊಂಡು, ಬಂಡೆ ಇಳಿಜಾರುಗಳಿಲ್ಲದ ತಾಣ ಆರಿಸಿಕೊಂಡಿತು. ವೈಕಿಂಗಿನ ಗುರಿ ಎಂದರೆ 280 ಕಿ.ಮೀ. ಉದ್ದ, 100 ಕಿ.ಮೀ. ಅಗಲದ ಪ್ರದೇಶದೊಳಗೆ ಎಲ್ಲಾದರೂ ಸರಿ ಎಂದಿತ್ತು. ಕ್ಯೂರಿಯಾಸಿಟಿಗೆ ಅದು 20ಕ್ಕೆ 7 ಕಿ.ಮೀ. ಆಯಿತು, ಪರ್ಸೆವರೆನ್ಸ್‌ಗೆ ಏಳೆಂಟು ಕಿ.ಮೀ. ಅಷ್ಟೇ. ಇಳಿದದ್ದು ಖಚಿತವೆಂದು ನಿಯಂತ್ರಣ ಕೊಠಡಿಯಿಂದ ಜಗತ್ತಿಗೆ ಹೇಳಿದ ಸ್ವಾತಿ ಮೋಹನ್ ಆ ಪಥದರ್ಶನ ಮತ್ತು ನಿಯಂತ್ರಣ ತಂಡದ ಮುಂದಾಳು. ಹುಟ್ಟಿದ್ದು ಬೆಂಗಳೂರಿನಲ್ಲಿ, ಒಂದು ವರ್ಷದ ಮಗುವಾಗಿದ್ದಾಗಲೇ ಅಮೆರಿಕಕ್ಕೆ ಹೋದವರು. ಅವರ ಹಣೆಯ ಬಿಂದಿ ನಮ್ಮ ಪತ್ರಿಕೆಗಳಲ್ಲಿ ಆ ವಾರ ಪಡೆದಷ್ಟು ಜಾಗವನ್ನು ಅವರ ತಂಡದ ಕೆಲಸ ಪಡೆಯಲಿಲ್ಲ. ಮೂರು ತಿಂಗಳ ನಂತರ ಚೀನಾ ತನ್ನ ಮೊದಲ ಯತ್ನದಲ್ಲೇ ಝುರೊಂಗ್ ರೋವರ್ ಇಳಿಸಿತು: ಮೊದಲು ಕಕ್ಷೆ, ಆಮೇಲೆ ಕವಚ, ಪ್ಯಾರಾಚೂಟ್, ನೂರು ಮೀಟರ್ ಎತ್ತರದಲ್ಲಿ ನಿಂತು ಜಾಗ ನೋಡಿ ಕಾಲೂರುವುದು. ನಮ್ಮ ಮಂಗಳಯಾನ 2014ರಿಂದ ಕಕ್ಷೆಯಲ್ಲಿದ್ದು ಕೆಲಸ ಮಾಡಿತು, ಅದರ ಮಾತನ್ನು ಆಲಿಸಿದ್ದು ಬೆಂಗಳೂರಿನ ಹೊರಗೆ ಬ್ಯಾಲಾಳಿನಲ್ಲಿರುವ ಮೂವತ್ತೆರಡು ಮೀಟರ್ ಆಂಟೆನಾ. ಇಳಿಯುವುದು ಅದರ ಉದ್ದೇಶವಾಗಿರಲಿಲ್ಲ.

ಈವರೆಗಿನ ಮಂಗಳದ ಲ್ಯಾಂಡರುಗಳ ವಿಳಾಸ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಹೆಚ್ಚುಕಡಿಮೆ ಎಲ್ಲವೂ ತಗ್ಗು ಪ್ರದೇಶದಲ್ಲೇ ಇವೆ. ತಗ್ಗಿನಲ್ಲಿ ಮೇಲಿರುವ ಗಾಳಿಯ ಪದರ ದಪ್ಪ, ವೇಗ ತಗ್ಗಿಸಲು ಒಂದಿಷ್ಟು ಹೆಚ್ಚು ಹೊತ್ತು ಸಿಗುತ್ತದೆ. ವಿಜ್ಞಾನಿಗಳಿಗೆ ಆಸೆಯಿರುವ ಎಷ್ಟೋ ಎತ್ತರದ ಜಾಗಗಳು, ಒಲಿಂಪಸ್ ಪರ್ವತದಂಥವು, ಇದೇ ಕಾರಣಕ್ಕೆ ಪಟ್ಟಿಗೇ ಬರುವುದಿಲ್ಲ.

ತೂಕಕ್ಕೂ ಇದೇ ಕಟ್ಟು. ನೌಕೆ ದೊಡ್ಡದಾದಂತೆ ತೂಕ ಬೇಗ ಏರುತ್ತದೆ, ಗಾಳಿಗೆ ಒಡ್ಡುವ ಮೈ ಅಷ್ಟು ಬೇಗ ಅಗಲವಾಗುವುದಿಲ್ಲ. ಕವಚವನ್ನು ಅಗಲ ಮಾಡೋಣವೆಂದರೆ ರಾಕೆಟ್ಟಿನ ತಲೆಯೊಳಗೆ ಅದು ಹಿಡಿಸಬೇಕು. ಕ್ಯೂರಿಯಾಸಿಟಿ, ಪರ್ಸೆವರೆನ್ಸ್ ಎರಡರ ಕವಚವೂ ನಾಲ್ಕೂವರೆ ಮೀಟರಿನದು. ಮನುಷ್ಯರನ್ನು ಮಂಗಳಕ್ಕೆ ಕಳಿಸಬೇಕಾದರೆ ಒಂದೊಂದು ಸಲಕ್ಕೆ ಇಪ್ಪತ್ತು ಟನ್ನಿನ ಮೇಲೆ ಇಳಿಸಬೇಕೆಂಬ ಅಂದಾಜಿದೆ. ಪ್ಯಾರಾಚೂಟಿನಿಂದ ಅದು ಆಗದ ಕೆಲಸ. ಈಗ ಎರಡು ದಾರಿ ಹುಡುಕುತ್ತಿದ್ದಾರೆ. ಒಂದು, ಮಡಿಚಿ ಒಯ್ದು ಅಲ್ಲಿ ಉಬ್ಬಿಸುವ ಕವಚ. 2022ರ ನವೆಂಬರ್ 10ರಂದು ನಾಸಾ ಆರು ಮೀಟರ್ ಅಗಲದ ಅಂಥದ್ದೊಂದನ್ನು ಭೂಮಿಯ ಕಕ್ಷೆಯಿಂದ ಇಳಿಸಿ ಹವಾಯಿಯ ಹತ್ತಿರ ಸಮುದ್ರದಿಂದ ಎತ್ತಿಕೊಂಡಿತು. ಇನ್ನೊಂದು, ಶಬ್ದಕ್ಕಿಂತ ವೇಗವಾಗಿ ಬೀಳುತ್ತಿರುವಾಗಲೇ ಮುಂದಕ್ಕೆ ಎಂಜಿನ್ ಉರಿಸುವುದು. ಉರಿಯುವ ಅನಿಲ ಎದುರಿನ ಗಾಳಿಗೆ ಡಿಕ್ಕಿ ಹೊಡೆದಾಗ ನೌಕೆ ಹತೋಟಿಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬ ಅನುಮಾನ ಬಹುಕಾಲ ಇತ್ತು. ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ರಾಕೆಟ್ಟಿನ ಕೆಳಹಂತ ಭೂಮಿಗೆ ಮರಳುವಾಗ ಮೇಲಿನ ತೆಳುಗಾಳಿಯಲ್ಲಿ ಮಾಡುವುದು ಇದನ್ನೇ. ಆ ಗಾಳಿ ಮಂಗಳದ ಗಾಳಿಗೆ ಹತ್ತಿರದ್ದು, ಅದಕ್ಕೇ ನಾಸಾ 2014ರಲ್ಲಿ ವಿಮಾನಗಳಿಂದ ಅವಗೆಂಪು ಕ್ಯಾಮೆರಾ ಹಿಡಿದು ಅದನ್ನು ಚಿತ್ರೀಕರಿಸಿ ಅಧ್ಯಯನ ಮಾಡಿತು. ಮಂಗಳದಲ್ಲಿ ಇದನ್ನು ಯಾರೂ ಇನ್ನೂ ಮಾಡಿ ನೋಡಿಲ್ಲ. ಅಲ್ಲಿ ಇಳಿದಿರುವ ಅತಿ ಭಾರದ ರೋವರ್ 1,025 ಕಿಲೋ ತೂಕದ ಪರ್ಸೆವರೆನ್ಸ್.